ಕೆಲಸವೂ ಮುಖದ ಕಳೆಯೂ

ಡಿಗ್ರಿ ಮುಗಿಸಿ ಎರಡು ವರ್ಷ ಮನೆಯಲ್ಲೇ ಕೂತಿದ್ದ ಹುಡುಗನಿಗೆ ಕೆಲಸ ಸಿಕ್ಕಿತು ಅನ್ನಿ. ನೆಂಟರಿಷ್ಟರು ಮೊದಲು ಆಡುವ ಮಾತು ಒಂದೇ: ‘ಈಗ ನೋಡಿ, ಮುಖದಲ್ಲಿ ಕಳೆ ಬಂದಿದೆ.’ ಮದುವೆಮನೆ ಎಂದರೆ ಮಾರು ದೂರ ಓಡುತ್ತಿದ್ದವನು ಈಗ ಪಂಕ್ತಿಯಲ್ಲಿ ಬಡಿಸಲು ನಿಲ್ಲುತ್ತಾನೆ. ‘ಏನಪ್ಪಾ, ಏನ್ ಮಾಡ್ಕೊಂಡಿದೀಯ?’ ಎಂದು ಯಾರಾದರೂ ಕೇಳಿಯಾರೆಂಬ ಅಳುಕು ಈಗಿಲ್ಲ. ಕೈಯಲ್ಲಿ ನಾಲ್ಕು ಕಾಸು ಆಡತೊಡಗಿತಲ್ಲ, ಅದಕ್ಕೇ ಎಂದು ನಾವು ತೀರ್ಮಾನಿಸಿಬಿಡುತ್ತೇವೆ. ಕಾಸೇನೂ ಸಣ್ಣ ಮಾತಲ್ಲ. ಆದರೆ ಅಷ್ಟೇ ಕಾಸು ಕೆಲಸವಿಲ್ಲದೆ ಕೈಸೇರಿದ್ದರೆ ಇದೇ ಕಳೆ ಬರುತ್ತಿತ್ತೇ?

ಇದನ್ನು ನೇರವಾಗಿ ಪರೀಕ್ಷಿಸಿ ನೋಡಿದವರಿದ್ದಾರೆ. 2017ರಲ್ಲಿ ಮ್ಯಾನ್ಮಾರ್‌ನಿಂದ ಜೀವ ಉಳಿಸಿಕೊಂಡು ಬಂದ ಲಕ್ಷಾಂತರ ರೋಹಿಂಗ್ಯಾಗಳು ಬಾಂಗ್ಲಾದೇಶದ ಕಾಕ್ಸ್ ಬಜಾರ್ ಶಿಬಿರಗಳಲ್ಲಿದ್ದಾರೆ. ಹೊಟ್ಟೆಗೆ ಪಡಿತರ ಬರುತ್ತದೆ, ದುಡಿಯಲು ಅನುಮತಿಯಿಲ್ಲ. ಅಲ್ಲಿ ಅರ್ಥಶಾಸ್ತ್ರಜ್ಞರ ತಂಡವೊಂದು ಕೆಲವರಿಗೆ ಕೆಲಸ ಕೊಟ್ಟಿತು, ಕೆಲವರಿಗೆ ಕೆಲಸವಿಲ್ಲದೆ ಅಷ್ಟೇ ಹಣ ಕೊಟ್ಟಿತು, ಉಳಿದವರನ್ನು ಹೋಲಿಕೆಗೆ ಇಟ್ಟುಕೊಂಡಿತು. 2022ರಲ್ಲಿ ಪ್ರಕಟವಾದ ಫಲಿತಾಂಶ ಇದು: ಬರೀ ಹಣ ಪಡೆದವರ ಮನಸ್ಸಿನ ಭಾರ ಹೇಳಿಕೊಳ್ಳುವಂತೆ ಇಳಿಯಲಿಲ್ಲ, ದುಡಿದವರದು ಇಳಿಯಿತು. ದುಡಿದವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನ, ಕೂಲಿ ಕೊಡದಿದ್ದರೂ ಇನ್ನಷ್ಟು ದಿನ ಮಾಡುತ್ತೇವೆ ಎಂದರು. ಕೆಲಸವಾದರೂ ಎಂಥದು? ಅಕ್ಕಪಕ್ಕದವರು ಹೊತ್ತು ಹೇಗೆ ಕಳೆಯುತ್ತಾರೆಂದು ನೋಡಿ ಗುರುತು ಹಾಕಿಕೊಳ್ಳುವುದು. ಯಾರೂ ಕನಸು ಕಂಡು ಹುಡುಕಿಕೊಂಡು ಹೋಗುವಂಥದ್ದಲ್ಲ.

ಇದಕ್ಕೆ ತೊಂಬತ್ತು ವರ್ಷ ಮೊದಲೇ ಇದರ ಇನ್ನೊಂದು ಮಗ್ಗುಲನ್ನು ಆಸ್ಟ್ರಿಯಾದ ಮೂವರು ಕಂಡಿದ್ದರು. ವಿಯೆನ್ನಾ ಸಮೀಪದ ಮಾರಿಯೆಂಥಾಲ್ ಎಂಬ ಊರಿನ ಬಟ್ಟೆ ಗಿರಣಿ ಮುಚ್ಚಿ ಹೆಚ್ಚುಕಡಿಮೆ ಇಡೀ ಊರೇ ಕೆಲಸ ಕಳೆದುಕೊಂಡಿತ್ತು. ಮಾರೀ ಯಹೋಡಾ, ಪಾಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಝೈಸೆಲ್ ಅಲ್ಲಿ ನಡೆಸಿದ ಅಧ್ಯಯನ 1933ರಲ್ಲಿ ಪುಸ್ತಕವಾಯಿತು. ನನಗೆ ಅದರಲ್ಲಿ ಇವತ್ತಿಗೂ ಸೋಜಿಗ ಹುಟ್ಟಿಸುವುದು ಅವರ ಕಣ್ಣು. ಬೀದಿಯಲ್ಲಿ ಹೋಗುವವರ ನಡಿಗೆಯ ವೇಗವನ್ನೇ ಅವರು ಅಳೆದರು. ಗಂಡಸರು ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಬಹುಪಾಲು ಜನ ಗಡಿಯಾರ ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದರು. ದಿನವಿಡೀ ಬಿಡುವಿತ್ತು, ಆದರೂ ಊರಿನ ಗ್ರಂಥಾಲಯದಿಂದ ಹೋಗುವ ಪುಸ್ತಕಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ಪುರುಸೊತ್ತು ಸಿಕ್ಕರೆ ಏನೇನೋ ಮಾಡಿಬಿಡುತ್ತೇವೆ ಎಂದುಕೊಳ್ಳುವವರು ಆ ಊರಿನ ಕತೆ ಓದಬೇಕು. ಹೆಂಗಸರ ನಡಿಗೆ ಮಾತ್ರ ನಿಧಾನವಾಗಿರಲಿಲ್ಲ, ಮನೆಗೆಲಸ ಅವರನ್ನು ಬಿಟ್ಟಿರಲಿಲ್ಲವಲ್ಲ! ಆದರೂ ಅವರಲ್ಲಿ ಎಷ್ಟೋ ಮಂದಿಗೆ ಗಿರಣಿಗೇ ಮರಳುವ ಆಸೆ, ಅದೂ ದುಡ್ಡಿಗಾಗಿ ಮಾತ್ರವಲ್ಲ. ಗಿರಣಿ ಮತ್ತು ಒಲೆ ಎರಡನ್ನೂ ನಿಭಾಯಿಸಿ ಹೈರಾಣಾಗಿದ್ದವರ ಮಾತಿದು. ಮನೆಗೆಲಸಕ್ಕೆ ಮುಗಿಯುವ ಹೊತ್ತಿಲ್ಲ, ಮುಗಿಸಿದಾಗ ‘ಆಯಿತು’ ಎನ್ನುವವರೂ ಇಲ್ಲ.

ಹಾಗಾದರೆ ಕೆಲಸ ಮನಸ್ಸಿಗೆ ಕೊಡುವುದೇನು? ನನಗೆ ತೋರುವ ಉತ್ತರ, ನಾವು ಹೋಗದಿದ್ದರೆ ಯಾರದೋ ಕೆಲಸ ನಿಲ್ಲುತ್ತದೆ ಎಂಬ ಅರಿವು. ‘ನಿನ್ನೆ ಯಾಕೆ ಬರಲಿಲ್ಲ?’ ಎಂದು ಕೇಳುವವರು ಮನೆಯ ಹೊರಗೆ ಒಬ್ಬರಾದರೂ ಇರುವುದು. ನಮ್ಮ ಬೆಲೆಯನ್ನು ನಾವೊಬ್ಬರೇ ಕೂತು ಕಟ್ಟಿಕೊಳ್ಳಲಾರೆವು. ನಿವೃತ್ತಿಯಾದ ಮಾಸ್ತರರು ಊರ ದೇವಸ್ಥಾನದ ಲೆಕ್ಕಪತ್ರ ವಹಿಸಿಕೊಂಡ ಕೂಡಲೇ ಮೊಣಕಾಲು ನೋವಿನ ಮಾತು ಕಡಿಮೆ ಮಾಡುವುದು ಇದಕ್ಕೇ ಇರಬೇಕು.

ಅದಕ್ಕೇ ‘ಮನಸ್ಸಿಗೆ ಒಪ್ಪುವ ಕೆಲಸ ಹುಡುಕಿಕೊಳ್ಳಿ’ ಎಂಬ ಉಪದೇಶದ ಬಗ್ಗೆ ನನಗೆ ಅನುಮಾನ. ಒಲವು ಎಲ್ಲೋ ಒಳಗೆ ಸಿದ್ಧವಾಗಿ ಕೂತಿದೆ, ಅದಕ್ಕೆ ತಕ್ಕ ನೌಕರಿ ಪತ್ತೆಮಾಡಿದರೆ ಸಾಕು ಎಂದು ಅದು ನಂಬಿಸುತ್ತದೆ. ಸಿಗದವರು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ತೃಪ್ತಿ ಇರುವುದು ಹೆಚ್ಚಾಗಿ ಕೆಲಸದ ಏರ್ಪಾಡಿನಲ್ಲಿ. ಹೊಲಿಗೆಯನ್ನೇ ತೆಗೆದುಕೊಳ್ಳಿ. ಪೇಟೆಬೀದಿಯ ಟೈಲರಮ್ಮ ಅಳತೆ ತೆಗೆದು, ಬಟ್ಟೆ ಕತ್ತರಿಸಿ, ಹೊಲಿದು, ಕೊಕ್ಕೆ ಹಾಕಿ ಕೊಟ್ಟ ರವಿಕೆ ಗಿರಾಕಿಯ ಮೈಮೇಲೆ ಹೇಗೆ ಕೂತಿದೆ ಎಂದು ಕಣ್ಣಾರೆ ನೋಡುತ್ತಾಳೆ. ತೋಳು ಬಿಗಿಯಾಯಿತೆಂದು ಬೈಸಿಕೊಳ್ಳುತ್ತಾಳೆ, ಬಿಚ್ಚಿ ಸರಿಮಾಡುತ್ತಾಳೆ. ಅದೇ ಕೈ ಗಾರ್ಮೆಂಟ್ಸ್‌ನ ಲೈನಿನಲ್ಲಿ ಕೂತರೆ ದಿನವಿಡೀ ಕಾಲರ್, ಬರೀ ಕಾಲರ್. ಗಂಟೆಗಿಷ್ಟು ಎಂಬ ಟಾರ್ಗೆಟ್, ತಲೆಯ ಮೇಲೆ ಸೂಪರ್‌ವೈಸರ್. ಆ ಅಂಗಿ ಯಾವ ದೇಶದ ಯಾರ ಮೈಗೆ ಹೋಗುತ್ತದೋ ಅವಳಿಗೆ ಗೊತ್ತಾಗುವುದಿಲ್ಲ. ಕಸುಬು ಒಂದೇ, ಕೈಚಳಕವೂ ಒಂದೇ. ಅಲ್ಲಿ ತಿಂಗಳಿಗೊಮ್ಮೆ ಬರುವ ಸಂಬಳಕ್ಕೆ ಟೈಲರಮ್ಮನೂ ಆಸೆಪಟ್ಟಾಳು, ಅದು ಬೇರೆ ಮಾತು.

ದುಡಿಮೆಯ ಘನತೆಯ ಪ್ರಶ್ನೆ ಕನ್ನಡಕ್ಕೆ ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹಗ್ಗ ಹೊಸೆಯುವ ಚಂದಯ್ಯನೂ ಬುಟ್ಟಿ ಹೆಣೆಯುವ ಕೇತಯ್ಯನೂ ಕಸುಬಿನ ಹೆಸರಿನಿಂದಲೇ ಗೌರವ ಪಡೆದರು. ಆದರೆ ಕಾಯಕದ ಮಾತನ್ನು ಕಚೇರಿಯ ಗೋಡೆಗೆ ನೇತುಹಾಕಿ ‘ಸುಮ್ಮನೆ ದುಡಿ’ ಎಂಬ ಅರ್ಥ ಹೊರಡಿಸುವವರು ಒಂದನ್ನು ಮರೆಯುತ್ತಾರೆ. ಈ ನೆಲದಲ್ಲಿ ಬಹುಜನರಿಗೆ ಕಸುಬು ಆಯ್ಕೆಯಾಗಿರಲಿಲ್ಲ, ಹುಟ್ಟಿನ ಜೊತೆ ಅಂಟಿಕೊಂಡು ಬಂದದ್ದು. 1936ರ ‘ಜಾತಿ ವಿನಾಶ’ದಲ್ಲಿ ಅಂಬೇಡ್ಕರ್ ಎತ್ತಿದ ತಕರಾರು ಇದೇ: ಹೀನವೆಂದು ಹಣೆಪಟ್ಟಿ ಹಚ್ಚಿದ ಕೆಲಸವನ್ನು ಒತ್ತಾಯದಿಂದ ಮಾಡಬೇಕಾದವನಿಗೆ ಅದರಲ್ಲಿ ಮನಸ್ಸೂ ಇರದು, ಬುದ್ಧಿಯೂ ಓಡದು. ಮ್ಯಾನ್‌ಹೋಲಿಗೆ ಇಳಿಯುವವನಿಗೆ ‘ಕೆಲಸದಲ್ಲೇ ಸುಖ ಕಾಣು’ ಎನ್ನುವುದು ಕ್ರೌರ್ಯ.

ಇನ್ನೊಂದು ಅಪಾಯ ಇಷ್ಟು ಕಣ್ಣಿಗೆ ಹೊಡೆಯುವುದಿಲ್ಲ. ಕೂಲಿಯಿಲ್ಲದೆಯೂ ದುಡಿಯಲು ಒಪ್ಪಿದ ಆ ಮೂರರಲ್ಲಿ ಎರಡು ಪಾಲಿನ ಲೆಕ್ಕವನ್ನು ಒಬ್ಬ ಮಾಲೀಕ ಓದಿದರೆ ಅವನಿಗೆ ಹೊಳೆಯುವುದೇನು? ನಮ್ಮ ಹಳ್ಳಿಗಳ ಆಶಾ ಕಾರ್ಯಕರ್ತೆಯರನ್ನು ನೋಡಿ. ಗುಲಾಬಿ ಸೀರೆಯುಟ್ಟು ಮನೆಮನೆ ತಿರುಗುವ ಈ ಹೆಂಗಸಿಗೆ ಯಾರಿಗೆ ಎಷ್ಟು ತಿಂಗಳು, ಯಾವ ಮಗುವಿಗೆ ಯಾವ ಲಸಿಕೆ ಬಾಕಿ ಎಂಬುದು ಬಾಯಿಪಾಠ. ನಡುರಾತ್ರಿ ಹೆರಿಗೆ ನೋವು ಬಂದರೆ ಫೋನು ಹೋಗುವುದು ಅವಳಿಗೆ. ಒಂದು ಕಾಲಕ್ಕೆ ಇಂಥವರ ಮಗಳು, ಇಂಥವರ ಹೆಂಡತಿ ಎಂದಷ್ಟೇ ಊರಿಗೆ ಗೊತ್ತಿದ್ದವಳು ಈಗ ‘ಆಶಾ ಅಕ್ಕ’. ಆ ಹೆಮ್ಮೆ ಅವಳ ನಡಿಗೆಯಲ್ಲೇ ಕಾಣುತ್ತದೆ. ಆದರೆ ಕಡತದಲ್ಲಿ ಅವಳು ಸ್ವಯಂಸೇವಕಿ. ಸಿಗುವುದು ಗೌರವಧನ, ಪ್ರೋತ್ಸಾಹಧನ. ಅವಳಿಗಾಗಿ ಕಾಯುವವರು ಇದ್ದಾರೆಂಬುದನ್ನೇ ಸಂಬಳದಲ್ಲಿ ಮುರಿದುಕೊಂಡಂತಿದೆ ಈ ಏರ್ಪಾಡು. 2025ರ ಜನವರಿಯ ಚಳಿಯಲ್ಲಿ ಇವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಕೂತದ್ದು ಗೌರವಧನದ ಮೊತ್ತಕ್ಕಾಗಿ. ದೇಶದುದ್ದಕ್ಕೂ ಆಶಾಗಳು ಬಹುಕಾಲದಿಂದ ಇಡುತ್ತಿರುವ ಬೇಡಿಕೆ ಇನ್ನೂ ಒಂದಿದೆ: ತಮ್ಮನ್ನು ಕಾರ್ಮಿಕರೆಂದು ಗುರುತಿಸಬೇಕು ಎಂಬುದು.