ಧ್ರುವದ ಕಡಲಿಗೂ ಒಂದು ಬಿಳಿಗುಂಡ್ಲು ಬೇಕು

ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ರೈತರು, ಮೇಷ್ಟ್ರುಗಳು, ಕಾಲೇಜು ಹುಡುಗ ಹುಡುಗಿಯರು ಹಾಗೂ ಓಟು ಕೇಳಲು ಬರುವ ಎಲ್ಲ ಪಕ್ಷದವರ ಗಮನಕ್ಕೆ



ನಮ್ಮ ಜಿಲ್ಲೆಯಲ್ಲಿ ಬೆಳಗಿನ ಪೇಪರು ಬಿಡಿಸಿದವರ ಕಣ್ಣು ಮೊದಲು ಹೋಗುವುದು ಒಂದು ಸಣ್ಣ ಚೌಕದ ಕಡೆಗೆ. ಕೆಆರ್‌ಎಸ್: ಗರಿಷ್ಠ ಮಟ್ಟ 124.80 ಅಡಿ, ಇಂದಿನ ಮಟ್ಟ ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ಒಟ್ಟಲು ಬಿಡುವುದೋ ತಡೆಯುವುದೋ, ಕುಳೆ ಕಬ್ಬು ಉಳಿಸಿಕೊಳ್ಳುವುದೋ ಉತ್ತು ಹಾಕುವುದೋ, ಸೊಸೈಟಿ ಸಾಲ ಎತ್ತುವುದೋ ಬೇಡವೋ, ಎಲ್ಲ ಆ ನಾಲ್ಕು ಅಂಕಿಗಳ ಮೇಲೆ. 2025ರ ಜೂನ್ ಕೊನೆಗೆ ಕಟ್ಟೆ ತುಂಬಿದಾಗ ‘ಜೂನ್‌ನಲ್ಲೇ ತುಂಬಿದ್ದು ಇದೇ ಮೊದಲು’ ಎಂದು ಊರೂರಲ್ಲಿ ಮಾತಾಯಿತು. ಹಾಗೆ ಎದೆ ತಟ್ಟಿ ಹೇಳಲು ಆದದ್ದು ನಮ್ಮ ಅಜ್ಜಂದಿರ ಕಾಲದಿಂದ ಯಾರೋ ಮಟ್ಟ ನೋಡಿ ರಿಜಿಸ್ಟರಿಗೆ ಬರೆದಿಟ್ಟದ್ದರಿಂದ.

ಅಂಥ ರಿಜಿಸ್ಟರು ಉತ್ತರ ಧ್ರುವದ ಕಡಲಿಗೂ ಇಲ್ಲ, ಅಂಟಾರ್ಟಿಕಾ ಸುತ್ತಲಿನ ಕಡಲಿಗೂ ಇಲ್ಲ. ಇದ್ದದ್ದು ಒಂದೊಂದು ದೇಶ ಒಂದೊಂದು ಕಾಲಕ್ಕೆ ಬರೆದ ಬಿಡಿ ಹಾಳೆ. ಈ ಇಪ್ಪತ್ತೈದು ವರ್ಷಗಳಲ್ಲಿ ಹಲವು ದೇಶಗಳು ಕೂತು ಅವನ್ನು ಒಂದಕ್ಕೊಂದು ಸೇರಿಸಿ ಹೊಲಿಯುತ್ತಾ ಬಂದವು. ಈಗ ಹೊಲಿಗೆ ಅಲ್ಲಲ್ಲಿ ಬಿಡುತ್ತಿದೆ. ಭಾರತ ಈ ಕೆಲಸದಿಂದ ಹಿಂದೆ ಸರಿಯಬಾರದು, ಬೇರೆಯವರು ಸರಿಯಲೂ ಬಿಡಬಾರದು. ಇದನ್ನು ಗಟ್ಟಿಯಾಗಿ ಕೇಳುವ ಹಕ್ಕು ದೆಹಲಿ, ಗೋವಾದ ವಿಜ್ಞಾನಿಗಳಿಗೆ ಎಷ್ಟಿದೆಯೋ ಮಳವಳ್ಳಿಯ ನಾಲೆ ಕೊನೆಭಾಗದ ರೈತರಿಗೂ ಅಷ್ಟೇ ಇದೆ. ಇದು ನಮ್ಮ ವಾದ. ಕಾರಣ ಕೇಳಿ.

2023ರ ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆ, ದೇಶಕ್ಕೆ ವಾಡಿಕೆಯ ಶೇ 96ರಷ್ಟು ಮುಂಗಾರು ಎಂದಿತು. ಬಂದದ್ದು ಶೇ 94. ದೇಶದ ಲೆಕ್ಕಕ್ಕೆ ಅದು ತಪ್ಪಲ್ಲ. ಆದರೆ ಆ ಆಗಸ್ಟ್ 1901ರಿಂದ ಈಚೆಗೆ ದೇಶ ಕಂಡ ಅತಿ ಒಣ ಆಗಸ್ಟ್. ಆಶ್ಲೇಷ, ಮಖೆ ಎರಡೂ ಮೋಡ ತೋರಿಸಿ ಹೋದವು. ಕಾವೇರಿ ಹುಟ್ಟುವ ಕೊಡಗು, ಕಬಿನಿ ಹುಟ್ಟುವ ವಯನಾಡು ಎರಡೂ ಕಡೆ ಮಳೆ ಕೈಕೊಟ್ಟಿತು, ಕಟ್ಟೆ ತುಂಬಲಿಲ್ಲ. ಅಷ್ಟರಲ್ಲಿ ತಮಿಳುನಾಡಿಗೆ 5,000 ಕ್ಯುಸೆಕ್‌ನಂತೆ ಹರಿಸಿ ಎಂಬ ಆದೇಶ ಬಂತು. ಸೆಪ್ಟೆಂಬರ್ 23ಕ್ಕೆ ಮಂಡ್ಯ ಬಂದ್ ಆಯಿತು. ಕೊನೆಗೆ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಯಿತು. ದೇಶಕ್ಕೆಲ್ಲ ಒಂದು ಅಂಕಿ ಹೇಳುವ ಮುನ್ಸೂಚನೆಯಿಂದ ನಮ್ಮ ಹೊಟ್ಟೆ ತುಂಬುವುದಿಲ್ಲ. ಕಾವೇರಿ ಜಲಾನಯನಕ್ಕೆ ಏನು ಕಾದಿದೆ ಎಂಬುದು ಒಟ್ಟಲು ಬಿಡುವ ಮೊದಲೇ ಗೊತ್ತಾಗಬೇಕು. ಅದಕ್ಕೆ ದೊಡ್ಡ ಕಂಪ್ಯೂಟರು ಬೇಕು, ನಿಜ. ಆದರೆ ಕಡಲುಗಳು ಇವತ್ತು ಯಾವ ಸ್ಥಿತಿಯಲ್ಲಿವೆ ಎಂಬ ಅಳತೆ ತುಂಬದಿದ್ದರೆ ಆ ಕಂಪ್ಯೂಟರು ಏನನ್ನು ಲೆಕ್ಕ ಹಾಕೀತು?

ನಮ್ಮ ಮುಂಗಾರು ಗಾಳಿ ಹೊರಡುವುದು ಕೇರಳದ ಕಡಲತೀರದಿಂದ ಅಲ್ಲ. ಮಾರಿಷಸ್, ಮಡಗಾಸ್ಕರ್‌ಗಳಿಗೂ ದಕ್ಷಿಣಕ್ಕೆ ಕಡಲ ಮೇಲೆ ಗಾಳಿಯ ಒತ್ತಡ ಹೆಚ್ಚಿ ನಿಂತಿರುವ ಜಾಗದಿಂದ ಅದು ಹೊರಡುತ್ತದೆ, ಸಮಭಾಜಕ ದಾಟುತ್ತದೆ, ಸೊಮಾಲಿಯಾ ಬದಿಯಲ್ಲಿ ತಿರುಗಿ ಅರಬ್ಬಿ ಸಮುದ್ರದ ಮೇಲೆ ಹಾದು ಘಟ್ಟಕ್ಕೆ ಬಡಿಯುತ್ತದೆ. ಆ ಜಾಗದ ಬೆನ್ನಿಗೇ ಇರುವುದು ಅಂಟಾರ್ಟಿಕಾವನ್ನು ಸುತ್ತುವರಿದ ದಕ್ಷಿಣ ಸಾಗರ. ಭೂಮಿ ಹೆಚ್ಚುವರಿಯಾಗಿ ಹಿಡಿದಿಟ್ಟುಕೊಂಡಿರುವ ಶಾಖದಲ್ಲಿ ಶೇ 90ಕ್ಕೂ ಹೆಚ್ಚು ಸಾಗರಗಳ ಒಡಲಿಗೆ ಇಳಿದಿದೆ, ಅದರಲ್ಲೂ ದೊಡ್ಡ ಪಾಲನ್ನು ಈ ದಕ್ಷಿಣ ಸಾಗರವೇ ನುಂಗಿದೆ. ಉತ್ತರದ ಕಥೆ ಬೇರೆ. ಅಲ್ಲಿನ ಕಾರಾ ಸಮುದ್ರದಲ್ಲಿ ಬೇಸಿಗೆಯ ಹಿಮ ಕರಗುವುದಕ್ಕೂ ಮಧ್ಯಭಾರತದಲ್ಲಿ ಸೆಪ್ಟೆಂಬರ್‌ನಲ್ಲಿ ಸುರಿಯುವ ಕುಂಭದ್ರೋಣ ಮಳೆಗೂ ನಂಟಿರಬಹುದು ಎಂದು ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಬರೆದಿದ್ದಾರೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. 2023ರಲ್ಲೇ ಅಂಟಾರ್ಟಿಕಾ ಸುತ್ತಲಿನ ಕಡಲ ಹಿಮ ಉಪಗ್ರಹ ದಾಖಲೆ ಶುರುವಾದಂದಿನಿಂದ ಅತಿ ಕಡಿಮೆ ಮಟ್ಟಕ್ಕೆ ಇಳಿಯಿತು. ಅದಕ್ಕೂ ನಮ್ಮ ಬರಕ್ಕೂ ನೇರವಾಗಿ ಗಂಟು ಹಾಕಿ ಭಾಷಣ ಮಾಡಿದರೆ ಚಪ್ಪಾಳೆ ಬಿದ್ದೀತು, ಆದರೆ ಅದು ಸುಳ್ಳಾಗುತ್ತದೆ. ಆ ವರ್ಷದ ಮಳೆ ಕೆಡಿಸಿದ್ದರಲ್ಲಿ ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೊ ಪಾಲು ದೊಡ್ಡದು. ಇಂಥ ನಂಟು ಇದೆಯೋ ಇಲ್ಲವೋ ಎಂದು ತೀರ್ಮಾನಿಸಲಿಕ್ಕೇ ಮೂವತ್ತು ನಲವತ್ತು ವರ್ಷಗಳ ಮುರಿಯದ ಅಳತೆ ಬೇಕು ಎನ್ನುವುದಷ್ಟೇ ನಾವು ಹೇಳುವುದು.

ದೂರದ ಅಳತೆಯಿಂದ ನಮ್ಮ ಮಳೆ ತಿಳಿಯುವ ಆಲೋಚನೆ ಹೊಸದೇನಲ್ಲ. 1876–78ರ ಬರ ಮೈಸೂರು ಸಂಸ್ಥಾನದ ಐದರಲ್ಲೊಂದು ಪಾಲು ಜನರನ್ನು ನುಂಗಿತು. ಅದರ ಬೆನ್ನಿಗೆ ಬ್ಲಾನ್‌ಫರ್ಡ್ ಎಂಬ ಹವಾಮಾನ ಅಧಿಕಾರಿ ಹಿಮಾಲಯದ ಹಿಮ ನೋಡಿ ಮುಂಗಾರು ಹೇಳಲು ಹೊರಟ. 1904ರಲ್ಲಿ ಹವಾಮಾನ ಇಲಾಖೆಯ ಹೊಣೆ ವಹಿಸಿಕೊಂಡ ಗಿಲ್ಬರ್ಟ್ ವಾಕರ್ ಇನ್ನೂ ದೂರ ನೋಡಿದ. ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾಗಳ ಗಾಳಿಯ ಒತ್ತಡದ ಅಂಕಿಗಳನ್ನು ತರಿಸಿ ಲೆಕ್ಕ ಹಾಕಿದ. ಇವತ್ತು ಎಲ್ ನಿನೊ ಬಗ್ಗೆ ಗೊತ್ತಿರುವುದರ ಬೇರು ಆ ಲೆಕ್ಕದಲ್ಲಿದೆ. ಆ ದೇಶಗಳು ‘ಇದು ನಮ್ಮ ಅಂಕಿ, ಕೊಡುವುದಿಲ್ಲ’ ಎಂದಿದ್ದರೆ ವಾಕರ್ ಕೈಕಟ್ಟಿ ಕೂರಬೇಕಿತ್ತು.

ಧ್ರುವಗಳ ವಿಷಯದಲ್ಲಿ ಇದನ್ನು ಮೊದಲು ಹೇಳಿದವನು ಕಾರ್ಲ್ ವೈಪ್ರೆಕ್ಟ್ ಎಂಬ ಆಸ್ಟ್ರಿಯಾ-ಹಂಗೇರಿ ನೌಕಾಪಡೆಯ ಅಧಿಕಾರಿ. ಬಾವುಟ ನೆಡುವ ಪೈಪೋಟಿಯಿಂದ ಜ್ಞಾನ ಬೆಳೆಯುವುದಿಲ್ಲ, ಎಲ್ಲರೂ ಒಂದೇ ಕಾಲಕ್ಕೆ ಒಂದೇ ರೀತಿ ಅಳೆಯಬೇಕು ಎಂದ. 1882–83ರಲ್ಲಿ ಹನ್ನೆರಡು ದೇಶಗಳು ಹಾಗೆಯೇ ಮಾಡಿದವು. ಅದೇ ಮೊದಲ ಅಂತರರಾಷ್ಟ್ರೀಯ ಧ್ರುವ ವರ್ಷ. ಎರಡನೆಯದು 1932–33. ಆಗ ಕನ್ನಂಬಾಡಿ ನೀರು ಮಂಡ್ಯ ಬಯಲಿಗೆ ಬಂದ ಹೊಸತು, ಮೈಷುಗರ್ ಶುರುವಾದದ್ದೂ 1933ರಲ್ಲೇ. 1957–58ರ ಜಾಗತಿಕ ಅಳತೆಯ ವರ್ಷದಿಂದ ಹುಟ್ಟಿದ್ದು 1959ರ ಅಂಟಾರ್ಟಿಕ್ ಒಪ್ಪಂದ. ಅಮೆರಿಕ ಮತ್ತು ಸೋವಿಯತ್ ಒಕ್ಕೂಟ ಒಂದರ ಮೇಲೊಂದು ಅಣುಬಾಂಬು ಗುರಿಯಿಟ್ಟು ಕೂತಿದ್ದಾಗಲೇ ಇಬ್ಬರೂ ಅಳತೆಯ ಅಂಕಿ ಹಂಚಿಕೊಳ್ಳುತ್ತೇವೆಂದು ಸಹಿ ಹಾಕಿದರು. ಭಾರತ 1983ರಲ್ಲಿ ಸೇರಿತು. ಮೈತ್ರಿ, ಭಾರತಿ ಎಂಬ ಎರಡು ನಿಲ್ದಾಣಗಳು ಇಂದು ಅಲ್ಲಿ ನಡೆಯುತ್ತಿವೆ, ಉತ್ತರದಲ್ಲಿ ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪದಲ್ಲಿ 2008ರಿಂದ ಹಿಮಾದ್ರಿ ಇದೆ.

ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ, ಯಾಕೆಂದರೆ ಇದು ನಿಜಕ್ಕೂ ಸೊಗಸಾಗಿದೆ. ಆರ್ಗೊ ಎಂಬ ಮಾಪಕ ಆಳೆತ್ತರದ ಕೊಳವೆ. ಕಡಲಿಗೆ ಬಿಟ್ಟರೆ ಸಾವಿರ ಮೀಟರು ಮುಳುಗಿ ಒಂಬತ್ತು ದಿನ ನೀರಿನ ಸೆಳೆತದಲ್ಲಿ ತೇಲುತ್ತದೆ, ಆಮೇಲೆ ಎರಡು ಸಾವಿರ ಮೀಟರಿಗೆ ಇಳಿದು, ಅಲ್ಲಿಂದ ಮೇಲೆ ಬರುತ್ತಾ ನೀರಿನ ಬಿಸಿ, ಉಪ್ಪು ಅಳೆದು, ತಲೆ ಹೊರಗಿಟ್ಟು ಉಪಗ್ರಹಕ್ಕೆ ಕಳಿಸುತ್ತದೆ. ಹೀಗೆ ಹತ್ತು ದಿನಕ್ಕೊಂದು ಸುತ್ತು. ಲೋಕದ ಕಡಲುಗಳಲ್ಲಿ ಸುಮಾರು ನಾಲ್ಕು ಸಾವಿರ ಇಂಥವು ಓಡಾಡುತ್ತಿವೆ. ನಮ್ಮ ಪಾಲಿನ ಲೆಕ್ಕ ನೋಡಿಕೊಳ್ಳುವುದು ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ. ಅಂಕಿಗಳು ಯಾರು ಬೇಕಾದರೂ ನೋಡಬಹುದಾದಂತೆ ಬಯಲಲ್ಲೇ ಇರುತ್ತವೆ.

ಧ್ರುವದ ಕಡಲಲ್ಲಿ ಮೇಲೆ ಹಿಮದ ಚಾವಣಿ. ತಲೆ ಎತ್ತಿದರೆ ಆಂಟೆನಾ ಮುರಿಯುತ್ತದೆ. ಅದಕ್ಕೇ ಅಲ್ಲಿನ ಆರ್ಗೊ ಮೇಲಕ್ಕೆ ಬರುತ್ತಾ ನೀರಿನ ಬಿಸಿ ಗಮನಿಸುತ್ತದೆ. ಸುಮಾರು ಮೈನಸ್ 1.8 ಡಿಗ್ರಿ ಮುಟ್ಟಿದರೆ ಮೇಲೆ ಹಿಮ ಇದೆ ಎಂದು ಊಹಿಸಿ, ಅಳೆದದ್ದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಮತ್ತೆ ಮುಳುಗುತ್ತದೆ. ಹಿಮ ಕರಗಿದ ಕಾಲಕ್ಕೆ ಎಲ್ಲ ಒಟ್ಟಿಗೆ ಒಪ್ಪಿಸುತ್ತದೆ. ಆರ್ಗೊ ಹೋಗಲಾರದ ಸಂದಿಗಳಿಗೆ ಆನೆ ಸೀಲ್‌ಗಳು ಹೋಗುತ್ತವೆ. ಅವುಗಳ ತಲೆಯ ರೋಮಕ್ಕೆ ಅಂಟಿಸಿದ ಪುಟ್ಟ ಮಾಪಕ ಮುಳುಗಿದಾಗಲೆಲ್ಲ ಅಳೆಯುತ್ತದೆ. ವರ್ಷಕ್ಕೊಮ್ಮೆ ರೋಮ ಉದುರುವಾಗ ತಾನೂ ಕಳಚಿ ಬೀಳುತ್ತದೆ. ಸಂಬಳ ಕೇಳದ ಸಿಬ್ಬಂದಿ!

ಹಿಮಾದ್ರಿ ಪಕ್ಕದ ಕಾಂಗ್ಸ್‌ಫ್ಯೋರ್ಡ್ ಎಂಬ ಕಡಲ ಕೊಲ್ಲಿಯಲ್ಲಿ 2014ರ ಜುಲೈನಲ್ಲಿ ನಮ್ಮವರೇ ಇಂಡಾರ್ಕ್ ಎಂಬ ಮಾಪಕಮಾಲೆಯನ್ನು 192 ಮೀಟರು ಆಳದಲ್ಲಿ ಲಂಗರು ಹಾಕಿ ನಿಲ್ಲಿಸಿದರು. ತಯಾರಿ ಚೆನ್ನೈ ಮತ್ತು ಗೋವಾದ್ದು, ಇಳಿಸಿದ ಹಡಗು ನಾರ್ವೆಯದು. ಚೆನ್ನೈ ಎಂದ ಕೂಡಲೇ ಹುಬ್ಬು ಗಂಟಿಕ್ಕಬೇಡಿ. ನಮ್ಮ ಗದ್ದೆಯ ಕೋ 62175 ಕಬ್ಬಿನ ತಳಿ ಬಂದದ್ದು ಕೊಯಮತ್ತೂರಿನಿಂದ, ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬರಲು ಓಡಾಡಿದ ಕೋಲ್ಮನ್ ಸಾಹೇಬರು ಕೆನಡಾದವರು.

ಇನ್ನು ಹೊಲಿಗೆ ಬಿಡುತ್ತಿದೆ ಎಂದದ್ದಕ್ಕೆ ಸಾಕ್ಷಿ. ಉತ್ತರ ಧ್ರುವ ಸಾಗರದ ದಡದಲ್ಲಿ ಅರ್ಧಕ್ಕೂ ಹೆಚ್ಚು ರಷ್ಯಾದ್ದು. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಆರ್ಕ್ಟಿಕ್ ಮಂಡಳಿಯ ಉಳಿದ ಏಳು ದೇಶಗಳು ರಷ್ಯಾ ಜೊತೆಗಿನ ಕೆಲಸ ನಿಲ್ಲಿಸಿದವು. ಯುದ್ಧದ ತಪ್ಪು ಒಪ್ಪುಗಳು ಬೇರೆ ಮಾತು, ಅಳತೆಯಲ್ಲಿ ಮಾತ್ರ ಅರ್ಧ ಭೂಪಟ ಮಬ್ಬಾಯಿತು. 2025ರ ಜೂನ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ, ದಶಕಗಳಿಂದ ಕಡಲ ಹಿಮ ಅಳೆಯಲು ಬಳಸುತ್ತಿದ್ದ ತನ್ನ ಉಪಗ್ರಹಗಳ ಅಂಕಿ ಕೊಡುವುದನ್ನು ನಿಲ್ಲಿಸುತ್ತೇನೆ ಎಂದಿತು. ವಿಜ್ಞಾನಿಗಳು ಬೊಬ್ಬೆ ಹಾಕಿದ ಮೇಲೆ ಸದ್ಯಕ್ಕೆ ಮುಂದುವರಿಸಲು ಒಪ್ಪಿತು. ಪೆಸಿಫಿಕ್ ಸಾಗರದಲ್ಲಿ ಇನ್ನೊಂದು ಪಾಠ ಆಗಿಹೋಗಿದೆ. 1982–83ರ ಎಲ್ ನಿನೊ ಯಾರಿಗೂ ಸುಳಿವು ಕೊಡದೆ ಎರಗಿತೆಂದು ಅಲ್ಲಿ ಸುಮಾರು ಎಪ್ಪತ್ತು ತೇಲು ಮಾಪಕಗಳ ಸಾಲನ್ನು ಕಟ್ಟಿದರು. 2012ರಲ್ಲಿ ಉಳಿತಾಯದ ಹೆಸರಿನಲ್ಲಿ ಅದನ್ನು ರಿಪೇರಿ ಮಾಡುವ ಹಡಗನ್ನು ನಿಲ್ಲಿಸಿದರು. 2014ರ ಹೊತ್ತಿಗೆ ಬರಬೇಕಾದ ಅಂಕಿಗಳಲ್ಲಿ ಶೇ 40ರಷ್ಟು ಮಾತ್ರ ಬರುತ್ತಿದ್ದವು. ತಪ್ಪಿದ ವರ್ಷದ ಅಳತೆಯನ್ನು ಆಮೇಲೆ ಕೋಟಿ ಸುರಿದರೂ ತರಲಾಗುವುದಿಲ್ಲ.

ಈಗ ತಮಿಳುನಾಡು ಗಡಿಯಲ್ಲಿ ಕಾವೇರಿ ನೀರು ಅಳೆಯುವ ಬಿಳಿಗುಂಡ್ಲು ವಿಷಯ. ಕಾವೇರಿ ಜಗಳದಲ್ಲಿ ನಾವು ಯಾವ ತೀರ್ಪನ್ನೂ ನಗುತ್ತಾ ಒಪ್ಪಿದವರಲ್ಲ. 1991ರ ಮಧ್ಯಂತರ ಆದೇಶ ತಮಿಳುನಾಡಿಗೆ 205 ಟಿಎಂಸಿ ಎಂದಿತು, 2007ರ ಐತೀರ್ಪು 192 ಎಂದಿತು, 2018ರಲ್ಲಿ ಸುಪ್ರೀಂ ಕೋರ್ಟ್ 177.25 ಎಂದಿತು. ಒಂದೊಂದಕ್ಕೂ ರಸ್ತೆಗಿಳಿದಿದ್ದೇವೆ, ಸಂಜಯ ವೃತ್ತದಲ್ಲಿ ಕೂತಿದ್ದೇವೆ. ಆದರೆ ಬಿಳಿಗುಂಡ್ಲುವಿನಲ್ಲಿ ಕೇಂದ್ರ ಜಲ ಆಯೋಗದವರು ನೀರು ಅಳೆಯುವುದೇ ಬೇಡ ಎಂದು ನಾವೂ ಹೇಳಿಲ್ಲ, ತಂಜಾವೂರಿನವರೂ ಹೇಳಿಲ್ಲ. ಹಂಚಿಕೆಗೆ ಎಷ್ಟು ಬೇಕಾದರೂ ಹೊಡೆದಾಡಬಹುದು; ಅಳತೆ ಇಬ್ಬರಿಗೂ ಸೇರಿದ್ದಾಗಿರಬೇಕು, ಒಂದು ದಿನವೂ ನಿಲ್ಲಬಾರದು. ಮಾಪಕವನ್ನೇ ಕಿತ್ತು ಹಾಕಿದರೆ ಮಳೆ ಇಲ್ಲದ ವರ್ಷ ನಮ್ಮ ಕಷ್ಟ ಸಾಬೀತು ಮಾಡಲು ನಮ್ಮ ಕೈಯಲ್ಲಿ ಏನಿರುತ್ತದೆ? ದೇಶ ದೇಶಗಳ ನಡುವೆ ಧ್ರುವದ ಕಡಲಿಗೂ ಇದೇ ನಿಯಮ ಬೇಕು. ಈ ಮಾತನ್ನು ಮಂಡ್ಯ ಜಿಲ್ಲೆಯಷ್ಟು ಅನುಭವದಿಂದ ಹೇಳಬಲ್ಲ ಜಾಗ ಭಾರತದಲ್ಲಿ ಹೆಚ್ಚಿಲ್ಲ.

‘ಅಲ್ಲ ಕಣಣ್ಣ, ನಾಲೆ ಹೂಳು ತೆಗ್ಸಕ್ಕೆ ದುಡ್ಡಿಲ್ಲ ಅಂತವ್ರೆ, ಐಸ್‌ಗಡ್ಡೆ ಅಳೆಯಕ್ಕೆ ಕೊಡಬೇಕಾ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ಹವಾಮಾನ, ಸಾಗರ, ಧ್ರುವ, ಭೂಕಂಪ, ಎಲ್ಲ ಸೇರಿಸಿ ‘ಪೃಥ್ವಿ’ ಯೋಜನೆಗೆ ಕೇಂದ್ರ ಕೊಟ್ಟದ್ದು 2021ರಿಂದ 2026ರವರೆಗೆ 4,797 ಕೋಟಿ ರೂಪಾಯಿ. ವರ್ಷಕ್ಕೆ ಸಾವಿರ ಕೋಟಿಯೂ ಆಗಲಿಲ್ಲ, ಅದರಲ್ಲಿ ಧ್ರುವದ ಪಾಲು ಒಂದು ತುಂಡು. ನಾಲೆ ಹೂಳಿಗೆ ದುಡ್ಡು ಕೇಳುವುದನ್ನು ನಾವು ಬಿಡುವುದಿಲ್ಲ, ಬಿಡಬೇಡಿ ಕೂಡ. ಆದರೆ ಇದನ್ನು ಕಿತ್ತುಕೊಂಡರೆ ಅದಕ್ಕೆ ಬರುತ್ತದೆ ಎಂದು ನಂಬುವಷ್ಟು ಮುಗ್ಧರೂ ಅಲ್ಲ. ನಮ್ಮ ತಕರಾರು ಇರುವುದು ಐದೈದು ವರ್ಷಕ್ಕೆ ತುಂಡು ಮಾಡಿ ಕೊಡುವ ಪದ್ಧತಿಯ ಮೇಲೆ, ಕೊಟ್ಟ ಮಾತು ಎಳೆದಾಡುವುದರ ಮೇಲೆ. ಧ್ರುವ ಸಂಶೋಧನೆಗೆ ಸ್ವಂತ ಹಡಗು ತರಲು ಕೇಂದ್ರ ಸಂಪುಟ ಒಪ್ಪಿದ್ದು 2014ರಲ್ಲಿ. ಇಂದಿಗೂ ಬಾಡಿಗೆ ಹಡಗೇ ಗತಿ. 2025ರ ಜೂನ್‌ನಲ್ಲಿ ಅದನ್ನು ಕಟ್ಟಲು ಕೋಲ್ಕತ್ತದ ಗಾರ್ಡನ್ ರೀಚ್ ಹಡಗು ಕಟ್ಟೆ ನಾರ್ವೆಯ ಕಂಪನಿ ಜೊತೆ ಒಡಂಬಡಿಕೆ ಮಾಡಿಕೊಂಡಿದೆ. ಮುಂದಿನ ಅಂತರರಾಷ್ಟ್ರೀಯ ಧ್ರುವ ವರ್ಷ 2032–33ಕ್ಕೆ ಗೊತ್ತಾಗಿದೆ. ಅಷ್ಟರೊಳಗೆ ಆ ಹಡಗು ನೀರಿಗಿಳಿಯಬೇಕು.

ಮುಂದಿನ ಗ್ರಾಮಸಭೆಯಲ್ಲಿ ಹೂಳು, ರಸ್ತೆ, ಚರಂಡಿ ಮುಗಿದ ಮೇಲೆ ಐದು ನಿಮಿಷ ಕೇಳಿ ಪಡೆಯಿರಿ. ಕೆಳಗಿನ ಠರಾವನ್ನು ಓದಿಸಿ, ನಡಾವಳಿ ಪುಸ್ತಕಕ್ಕೆ ಬರೆಸಿ, ಪ್ರತಿಯನ್ನು ಮಂಡ್ಯ ಸಂಸದರ ಕಚೇರಿಗೂ ದೆಹಲಿಯ ಭೂವಿಜ್ಞಾನ ಸಚಿವಾಲಯಕ್ಕೂ ಅಂಚೆಗೆ ಹಾಕಿ.

‘ಕಾವೇರಿ ನೀರನ್ನೇ ನಂಬಿದ ಈ ಗ್ರಾಮದ ಸಭೆ ಒತ್ತಾಯಿಸುವುದೇನೆಂದರೆ: ಧ್ರುವ ಪ್ರದೇಶದ ಸಾಗರಗಳನ್ನು ಅಳೆಯುವ ಕೆಲಸಕ್ಕೆ ಭಾರತ ಸರ್ಕಾರ ಕನಿಷ್ಠ ಇಪ್ಪತ್ತು ವರ್ಷಗಳ, ನಡುವೆ ನಿಲ್ಲದ ಹಣದ ಭರವಸೆ ಕೊಡಬೇಕು, ಯಾವ ದೇಶದೊಂದಿಗೆ ರಾಜಕೀಯ ಮನಸ್ತಾಪವಿದ್ದರೂ ಅಳತೆ ಹಂಚಿಕೊಳ್ಳುವ ಒಪ್ಪಂದವನ್ನು ಮುರಿಯಬಾರದು, ಮುರಿದವರನ್ನು ಮತ್ತೆ ಕೂರಿಸಲು ಮುಂದೆ ನಿಲ್ಲಬೇಕು, ಭಾರತದ ಎಲ್ಲ ಅಂಕಿಗಳೂ ಬಯಲಲ್ಲಿ ಇರಬೇಕು, ಮುಂಗಾರಿಗೆ ಮೊದಲು ಅವುಗಳ ಸಾರವನ್ನು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮತ್ತು ಮಂಡ್ಯದ ವಿ.ಸಿ. ಫಾರ್ಮ್ ಮೂಲಕ ಕಾವೇರಿ ಜಲಾನಯನದ ರೈತರಿಗೆ ಕನ್ನಡದಲ್ಲಿ ಪ್ರತಿವರ್ಷ ತಿಳಿಸಬೇಕು.’

ಓದಿ ಪಕ್ಕದ ಮನೆಗೆ ಕೊಡಿ. ಈ ಕರಪತ್ರವನ್ನು ಯಾರು ಬೇಕಾದರೂ ಮರುಮುದ್ರಿಸಿ ಹಂಚಬಹುದು.