‘ಬರಲಿಲ್ಲ’ ಗೊತ್ತಿದ್ದವನಿಗೆ ‘ಡಿಡ್ ನಾಟ್ ಕಮ್’ ಕಷ್ಟವಲ್ಲ

ಟಿಕೋಟಾದಿಂದ ವಿಜಯಪುರದ ಕಾಲೇಜಿಗೆ ಬರುವ ಹುಡುಗನೊಬ್ಬನನ್ನು ‘ನಿನ್ನೆ ಯಾಕೆ ಬರಲಿಲ್ಲ?’ ಎಂದು ಇಂಗ್ಲಿಷಿನಲ್ಲಿ ಕೇಳಿದರೆನ್ನಿ. ‘ಬಸ್ ಡಿಡ್ ನಾಟ್ ಕೇಮ್, ಸರ್’ ಎನ್ನುತ್ತಾನೆ. ತರಗತಿ ಗೊಳ್ಳೆಂದು ನಗುತ್ತದೆ. ತಪ್ಪು ಸಣ್ಣದು, ನಷ್ಟ ದೊಡ್ಡದು. ಮರುದಿನದಿಂದ ಉತ್ತರ ಗೊತ್ತಿದ್ದರೂ ಆತ ಎದ್ದು ನಿಲ್ಲುವುದಿಲ್ಲ.

ಇದರ ಮದ್ದು ಅವನ ಕನ್ನಡದಲ್ಲೇ ಇದೆ. ‘ಬಸ್ ಬಂತು’ ಎಂಬುದಕ್ಕೆ ವಿರುದ್ಧವಾಗಿ ಯಾರೂ ‘ಬಂತಲಿಲ್ಲ’ ಎನ್ನುವುದಿಲ್ಲ, ‘ಬರಲಿಲ್ಲ’ ಎನ್ನುತ್ತಾರೆ. ಕ್ರಿಯಾಪದ ಭೂತಕಾಲದ ರೂಪವನ್ನು ಬಿಡುತ್ತದೆ; ಕಾಲ ತಿಳಿಸುವ ಕೆಲಸ ‘ಲಿಲ್ಲ’ಕ್ಕೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಆ ಕೆಲಸ ‘ಡಿಡ್’ನದು. ಹೀಗಾಗಿ ‘ಡಿಡ್ ನಾಟ್ ಕಮ್’. ಪ್ರಶ್ನೆಗೂ ಇದೇ ನಿಯಮ: ‘ಡಿಡ್ ಯು ಗೋ?’

ಎಲ್ಲ ಕಡೆ ಎರಡೂ ಭಾಷೆಗಳು ಹೀಗೆ ಜೊತೆಯಾಗಿ ನಡೆಯುವುದಿಲ್ಲ. ‘ದಿನಾಲೂ ಬರ್ತೀನ್ರಿ’, ‘ನಾಳೆ ಬರ್ತೀನ್ರಿ’: ಕನ್ನಡದಲ್ಲಿ ರೂಪ ಒಂದೇ. ಇಂಗ್ಲಿಷಿನಲ್ಲಿ ‘ಐ ಕಮ್ ಡೈಲಿ’, ‘ಐ ವಿಲ್ ಕಮ್ ಟುಮಾರೋ’. ‘ಎರಡು ವರ್ಷದಿಂದ ಬಬಲೇಶ್ವರದಾಗ ಅದೀವ್ರಿ’ ಎನ್ನುವ ಮನೆಯ ಮಗು ‘ವಿ ಆರ್ ಹಿಯರ್ ಸಿನ್ಸ್ ಟೂ ಇಯರ್ಸ್’ ಎನ್ನುವುದು ಸಹಜ. ಆದರೆ ಹಿಂದೆ ಶುರುವಾಗಿ ಇಂದಿಗೂ ನಡೆದಿರುವುದಕ್ಕೆ ‘ವಿ ಹ್ಯಾವ್ ಬೀನ್ ಹಿಯರ್ ಫಾರ್ ಟೂ ಇಯರ್ಸ್’ ಎನ್ನಬೇಕು. ಅವಧಿಗೆ ‘ಫಾರ್’, ಆರಂಭದ ಗಳಿಗೆಗೆ ‘ಸಿನ್ಸ್’.

ನಾಮಪದದಲ್ಲೂ ಇಂಥದೇ ತೊಡಕು. ‘ಹತ್ತು ಟ್ರೇ ದ್ರಾಕ್ಷಿ’, ‘ಎರಡು ಚೀಲ ಜೋಳ’ ಎನ್ನುವಾಗ ಸಂಖ್ಯೆಯೇ ಸಾಕು, ‘ಗಳು’ ಬೇಡ. ಇಂಗ್ಲಿಷಿಗೆ ಬೇಕು: ‘ಟೆನ್ ಟ್ರೇಸ್ ಆಫ್ ಗ್ರೇಪ್ಸ್’, ‘ಟೂ ಬ್ಯಾಗ್ಸ್ ಆಫ್ ಜೋವರ್’. ಜೋಳವನ್ನು ಅಳೆಯುತ್ತೇವೆ, ಎಣಿಸುವುದಿಲ್ಲ. ಆದ್ದರಿಂದ ‘ಜೋವರ್’ಗೆ ‘ಸ್’ ಇಲ್ಲ. ‘ಲಗೇಜ್’, ‘ಫರ್ನಿಚರ್’, ‘ಇನ್ಫರ್ಮೇಶನ್’ಗಳೂ ಇದೇ ಗುಂಪಿನವು. ಬಸ್ಸಿನಲ್ಲಿ ‘ಟೂ ಲಗೇಜಸ್’ ಎನ್ನದೆ ‘ಟೂ ಬ್ಯಾಗ್ಸ್’ ಎಂದರಾಯಿತು.

ಪಾಲಕರಿಗೆ ಇಂಗ್ಲಿಷ್ ಬಾರದಿದ್ದರೂ ಅಡ್ಡಿಯಿಲ್ಲ. ರಾತ್ರಿ ಊಟದ ಹೊತ್ತಿಗೆ ಮೂರೇ ಪ್ರಶ್ನೆಗಳನ್ನು ಕನ್ನಡದಲ್ಲಿ ಕೇಳಬಹುದು: ಇವತ್ತು ಏನು ಮಾಡಿದೆ? ಏನು ಮಾಡಲಿಲ್ಲ? ನಾಳೆ ಏನು ಮಾಡ್ತಿ? ಮಗು ಇಂಗ್ಲಿಷಿನಲ್ಲಿ ಉತ್ತರಿಸಲಿ. ತಪ್ಪನ್ನು ಮರುದಿನ ಶಿಕ್ಷಕರು ತಿದ್ದಬಹುದು. ಮನೆಯವರು ನಗದೆ ಕೇಳಿದರೆ ಸಾಕು.

ಈ ವಾರದ ಅಭ್ಯಾಸ: ‘ನಾನು ನಿನ್ನೆ ಎರಡು ಪುಸ್ತಕ ತರಲಿಲ್ಲ.’
ಉತ್ತರ: ‘ಐ ಡಿಡ್ ನಾಟ್ ಬ್ರಿಂಗ್ ಟೂ ಬುಕ್ಸ್ ಎಸ್ಟರ್‌ಡೇ.’