ಪೆರೋವ್‌ಸ್ಕೈಟ್ ಪ್ಯಾನೆಲ್: ಎಷ್ಟು ಕರೆಂಟು ಅನ್ನೋದಕ್ಕಿಂತ ಎಷ್ಟು ವರ್ಷ ಅಂತ ಕೇಳ್ರಿ

ಗದಗ ಜಿಲ್ಲೆಯ ಕೋಟುಮಚಗಿ, ನರೇಗಲ್ಲ ಸುತ್ತಿನ ಎರೆ ಹೊಲಗಳಲ್ಲಿ ಬೋರ್‌ವೆಲ್ ಇದ್ದವರು ಸೋಲಾರ್ ಪಂಪಿನ ವಿಚಾರ ಮಾಡೋ ಹೊತ್ತಿಗೆ ಮೊಬೈಲಿಗೆ ಒಂದು ಸುದ್ದಿ ಬರುತ್ತದೆ. ಪೆರೋವ್‌ಸ್ಕೈಟ್ ಅನ್ನೋ ಹೊಸ ಪ್ಯಾನೆಲ್ ಬರ್ತದಂತ, ಈಗಿನದಕ್ಕಿಂತ ಅಗ್ಗ ಅಂತ, ಕರೆಂಟೂ ಜಾಸ್ತಿ ಅಂತ. ಹಂಗಾದ್ರ ಎರಡು ವರ್ಷ ಕಾಯೋಣೇನ್ರಿ ಅನ್ನುವವರಿಗೆ ನನ್ನ ಉತ್ತರ ನೇರವಾಗಿದೆ: ಕಾಯಬೇಡಿ. ನೀರು ಇದ್ದು, ಪಂಪು ಬೇಕಾಗಿದ್ದರೆ ಈಗ ಸಿಗುವ ಸಿಲಿಕಾನ್ ಪ್ಯಾನೆಲ್ಲನ್ನೇ ಹಾಕಿಸಿ.

ಸುದ್ದಿ ಸುಳ್ಳಲ್ಲ. 2009ರಲ್ಲಿ ಜಪಾನಿನ ಮಿಯಾಸಾಕಾ ಅವರ ತಂಡ ಇದನ್ನು ಮೊದಲು ಸೋಲಾರ್ ಕೋಶದಲ್ಲಿ ಬಳಸಿದಾಗ ಬಿಸಿಲಿನ ಶೇ 3.8ರಷ್ಟು ಮಾತ್ರ ಕರೆಂಟಾಗಿತ್ತು. ಈಗ ಪ್ರಯೋಗಾಲಯದಲ್ಲಿ ಶೇ 26 ದಾಟಿದೆ. ಸಿಲಿಕಾನ್ ಮೇಲೆ ಇದರ ಪದರ ಕೂಡಿಸಿದ ಜೋಡಿ ಕೋಶ ಶೇ 34 ದಾಟಿದೆ. 2024ರ ಸೆಪ್ಟೆಂಬರಿನಲ್ಲಿ ಆಕ್ಸ್‌ಫರ್ಡ್ ಪಿವಿ ಕಂಪನಿ ಇಂಥ ಜೋಡಿ ಪ್ಯಾನೆಲ್ಲುಗಳನ್ನು ಅಮೆರಿಕದ ಗಿರಾಕಿಗೆ ಕಳಿಸಿತು. ಅವುಗಳ ದಕ್ಷತೆ ಶೇ 24.5. ಪ್ರಯೋಗಾಲಯದ ಅಂಕಿಗೂ ಮಾರಾಟದ ಪ್ಯಾನೆಲ್ಲಿಗೂ ಎಷ್ಟು ಅಂತರ ನೋಡ್ರಿ. ಬೀಜದ ಕಂಪನಿಯ ಪ್ರಾತ್ಯಕ್ಷಿಕೆ ತಾಕಿನ ಇಳುವರಿ ನಮ್ಮ ಹೊಲದಲ್ಲಿ ಬರೋದಿಲ್ಲವಲ್ಲ, ಹಾಗೆ.

ಆದರೆ ನನಗೆ ಚಿಂತೆ ಇರೋದು ದಕ್ಷತೆಯದಲ್ಲ, ಬಾಳಿಕೆಯದು. ಪೆರೋವ್‌ಸ್ಕೈಟ್ ಅಂದ್ರೆ ಒಂದು ಥರದ ಉಪ್ಪು. ಸೀಸ, ಅಯೋಡಿನ್ ಮತ್ತು ಒಂದು ಸಾವಯವ ವಸ್ತು (ಗೊಬ್ಬರದ ಸಾವಯವ ಅಲ್ಲ, ಇಂಗಾಲದ ಸಂಯುಕ್ತ) ಕೂಡಿ ಹರಳುಗಟ್ಟಿದ್ದು. ಅದರ ಪದರ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ತೆಳು. ಜಿಟಿಜಿಟಿ ಮಳೆ ಹಿಡಿದಾಗ ಅಡುಗೆಮನೆಯ ಉಪ್ಪಿನ ಡಬ್ಬಿ ಏನಾಗ್ತದ? ಇದಕ್ಕೂ ತೇವ ತಾಗಿದರೆ ಹರಳು ಒಡೆಯುತ್ತದೆ, ಕಪ್ಪು ಪದರ ಹಳದಿಗೆ ತಿರುಗುತ್ತದೆ. ಹಳದಿಯಾದ ಜಾಗ ಕರೆಂಟು ಕೊಡೋದಿಲ್ಲ.

ನಮ್ಮ ಕಡೆ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ. ಹಾಗಾಗಿ ಕರಾವಳಿಯಷ್ಟು ತೇವದ ಭಯ ಇಲ್ಲ ಅನ್ನಬಹುದು. ಆದರೆ ಇಲ್ಲಿ ಬಿಸಿಲೇ ಶತ್ರು. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ಇದ್ದರೆ ಪ್ಯಾನೆಲ್ಲಿನ ಮೈ 65 ಡಿಗ್ರಿ ದಾಟುತ್ತದೆ. ಬೆಳಕು, ಬಿಸಿ ಎರಡೂ ಕೂಡಿದಾಗ ಹರಳಿನೊಳಗಿನ ಅಯೋಡಿನ್ ಕಣಗಳು ಜಾಗ ಬಿಟ್ಟು ಸರಿಯತೊಡಗುತ್ತವೆ, ಪಕ್ಕದ ಲೋಹದ ಪದರವನ್ನೂ ತಿನ್ನುತ್ತವೆ. ರಾತ್ರಿ ಸ್ವಲ್ಪ ಚೇತರಿಸಿಕೊಳ್ಳುತ್ತದೆ, ಮರುದಿನ ಮತ್ತೆ ಅದೇ ಪಾಡು.

ವಿಜ್ಞಾನಿಗಳು ಸುಮ್ಮನೆ ಕೂತಿಲ್ಲ. ಬಿಸಿಗೆ ಬೇಗ ಹಾರಿಹೋಗುವ ಮೀಥೈಲ್ ಅಮೋನಿಯಂ ಬದಲು ಫಾರ್ಮಮಿಡಿನಿಯಂ, ಸೀಸಿಯಂ ಸೇರಿಸಿ ಹರಳನ್ನು ಗಟ್ಟಿ ಮಾಡಿದ್ದಾರೆ. ಮೇಲ್ಮೈಯ ಕೊರತೆ ಮುಚ್ಚಲು ತೆಳು ರಕ್ಷಣಾ ಪದರ ಹಾಕುತ್ತಾರೆ. ನನಗೆ ಹೆಚ್ಚು ಹಿಡಿಸಿದ್ದು ಕೊನೆಯ ಉಪಾಯ: ಎರಡು ಗಾಜಿನ ನಡುವೆ ಇಟ್ಟು ಅಂಚಿಗೆ ಬ್ಯೂಟೈಲ್ ರಬ್ಬರಿನಿಂದ ಬಿಗಿಯಾಗಿ ಮೆತ್ತೋದು. ನಮ್ಮ ಹಿರಿಯರು ಜೋಳದ ಹಗೇವಿಗೆ ಹುಲ್ಲು ಹಾಸಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರಲ್ಲ, ಲೆಕ್ಕ ಅದೇ. ಮೆತ್ತಿದ್ದು ಒಂದು ಕಡೆ ಬಿಟ್ಟರೂ ಒಳಗಿನ ಕಾಳು ಕೆಟ್ಟಂಗ.

ಇನ್ನು 'ಟೆಸ್ಟ್ ಪಾಸಾಗಿದೆ' ಅನ್ನುವ ಮಾತು. ಐಇಸಿ 61215 ಎಂಬ ಅಂತಾರಾಷ್ಟ್ರೀಯ ಮಾನದಂಡದಲ್ಲಿ 85 ಡಿಗ್ರಿ ಬಿಸಿ, ಶೇ 85 ತೇವದಲ್ಲಿ 1000 ಗಂಟೆ ಇಡುತ್ತಾರೆ. ಸಾವಿರ ಗಂಟೆ ಅಂದ್ರೆ 42 ದಿನ. ಸಿಲಿಕಾನ್ ಪ್ಯಾನೆಲ್ ಎಲ್ಲೆಲ್ಲಿ ಕೆಡುತ್ತದೆ ಎಂದು ದಶಕಗಟ್ಟಲೆ ಬಯಲಲ್ಲಿ ನೋಡಿದ ಅನುಭವ ಈ ಪರೀಕ್ಷೆಗಳ ಹಿಂದೆ ಇದೆ. ಹೊಸ ವಸ್ತುವಿಗೆ ಅಂಥ ಅನುಭವ ಇನ್ನೂ ಇಲ್ಲ.

ಲೆಕ್ಕ ಹಾಕೋಣ. ಸಿಲಿಕಾನ್ ಪ್ಯಾನೆಲ್ಲಿಗೆ ಸಾಮಾನ್ಯವಾಗಿ 25 ವರ್ಷದ ವಾರಂಟಿ ಇರುತ್ತದೆ. ಹೊಸದು ಶೇ 20 ಹೆಚ್ಚು ಕರೆಂಟು ಕೊಟ್ಟು 8 ವರ್ಷಕ್ಕೆ ಸೋತಿತು ಅಂತ ಇಟ್ಟುಕೊಳ್ಳಿ. 8 ವರ್ಷದಲ್ಲಿ ಅದು ಕೊಡೋದು ಹಳೇದರ ಒಂಬತ್ತೂವರೆ ವರ್ಷದ ದುಡಿಮೆ. ಅಂದ್ರೆ 100 ರೂಪಾಯಿಯ ಸಿಲಿಕಾನ್ ಎದುರು ಇದು 38 ರೂಪಾಯಿಗೆ ಸಿಕ್ಕರಷ್ಟೇ ಸರಿಸಮ. ಬಿಚ್ಚಿ ಮತ್ತೆ ಕೂಡಿಸುವ ಕೂಲಿ ಬೇರೆ. ಕುಸುಮ್-ಬಿ ಯೋಜನೆಯಲ್ಲಿ ಕೇಂದ್ರ ಶೇ 30, ರಾಜ್ಯ ಶೇ 50 ಕೊಟ್ಟು ರೈತನ ಪಾಲು ಶೇ 20 ಅಂತ ಇದ್ದರೂ, ಎರಡನೇ ಸಲ ಪ್ಯಾನೆಲ್ ಬದಲಿಸುವಾಗ ಸಬ್ಸಿಡಿ ಕೊಡೋರು ಯಾರು? ಮೆಣಸಿನಕಾಯಿ ರೇಟು ಬಿದ್ದ ವರ್ಷವೇ ಪ್ಯಾನೆಲ್ಲೂ ಸೋತರೆ ಸಾಲ ಮಾಡೋದು ನಾವೇ.

ಅದಕ್ಕೆ ನನ್ನ ಬೇಡಿಕೆ ಒಂದೇ. ಐಐಟಿ ಬಾಂಬೆಯ ರಾಷ್ಟ್ರೀಯ ದ್ಯುತಿವಿದ್ಯುತ್ ಸಂಶೋಧನಾ ಕೇಂದ್ರ ಇತರ ಸಂಸ್ಥೆಯ ಜತೆ ಸೇರಿ ದೇಶದುದ್ದಕ್ಕೂ ಹಾಕಿದ ಪ್ಯಾನೆಲ್‌ಗಳ ಸಮೀಕ್ಷೆ ಮಾಡಿ, ಬಿಸಿ ಪ್ರದೇಶದಲ್ಲಿ ಸಿಲಿಕಾನೂ ಬೇಗ ಸೊರಗುತ್ತದೆ ಎಂದು ಕಂಡುಕೊಂಡಿದೆ. ಸಿಲಿಕಾನಿಗೇ ಹೀಗಾದರೆ ಸೂಕ್ಷ್ಮ ವಸ್ತುವಿಗೆ ಹೇಗೆ? ಪೆರೋವ್‌ಸ್ಕೈಟ್ ಪ್ಯಾನೆಲ್ಲನ್ನು ರೈತನಿಗೆ ಮಾರುವ ಮೊದಲು ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರದಲ್ಲೋ, ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಮೀನಿನಲ್ಲೋ ಸಿಲಿಕಾನಿನ ಪಕ್ಕ ನಿಲ್ಲಿಸಿ ಕನಿಷ್ಠ ಐದು ಬೇಸಿಗೆ ದುಡಿಸಬೇಕು. ಎರೆಮಣ್ಣಿನ ಧೂಳು, ಅಡ್ಡಮಳೆಯ ಆಣೆಕಲ್ಲು ಎಲ್ಲಾ ಬೀಳಲಿ. ತಿಂಗಳ ಕರೆಂಟಿನ ಲೆಕ್ಕವನ್ನು ಕನ್ನಡದಲ್ಲಿ ಬೋರ್ಡಿಗೆ ಬರೆದು ಹಾಕಲಿ, ಹೊಸ ತಳಿಯ ಬೀಜಕ್ಕೆ ಮಾಡೋ ಹಾಗೆ.

ಸೀಸದ ಮಾತೂ ಅಲ್ಲೇ ಇತ್ಯರ್ಥ ಆಗಲಿ. ಒಂದು ಚದರ ಮೀಟರಿಗೆ ಇರೋದು ಸುಮಾರು ಒಂದು ಗ್ರಾಂ ಅಥವಾ ಅದಕ್ಕೂ ಕಡಿಮೆ, ಸಿಲಿಕಾನ್ ಪ್ಯಾನೆಲ್ಲಿನ ಬೆಸುಗೆಯಲ್ಲೂ ಸೀಸ ಇರುತ್ತದೆ, ನಿಜ. ಆದರೆ ಇಲ್ಲಿನ ಸೀಸ ನೀರಿಗೆ ಕರಗುವ ರೂಪದಲ್ಲಿದೆ. ಗಾಜು ಒಡೆದ ಪ್ಯಾನೆಲ್ಲನ್ನು ಬದುವಿನಲ್ಲಿ ಬಿಸಾಡದೆ ವಾಪಸ್ ಒಯ್ಯುವುದು ಯಾರ ಜವಾಬ್ದಾರಿ, ಎಷ್ಟು ದಿನದಲ್ಲಿ ಒಯ್ಯಬೇಕು ಅನ್ನೋದು ಬಿಲ್ಲಿನ ಜತೆಗೇ ಬರವಣಿಗೆಯಲ್ಲಿ ಬರಬೇಕು.